ಹರಳಮ್ಮ ಮತ್ತು ಕಾಣದ ಹೈಡ್ರೋಜನ್

ಹರಳಮ್ಮನ ಬಲಗಾಲು ನೋಯಲು ಶುರುವಾದದ್ದು ಆ ಪ್ರಯಾಣದ ಮಾರನೆಯ ದಿನ. ಕಾರು ಓಡಿಸಿದ್ದು ಅವಳಲ್ಲ, ಅವಳ ಗಂಡ. ಆದರೆ ಅದು ಅವನು ಪಾಠ ಹೇಳುವ ಡ್ರೈವಿಂಗ್ ಸ್ಕೂಲಿನ ಕಾರು. ಅಂಥ ಕಾರಿನಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಗಂಡ ಸ್ಟೀರಿಂಗ್ ಹಿಡಿದ ಮೇಲೆ ಕಲಿಸುವವನ ಸೀಟು ಅವಳ ಪಾಲಿಗೆ ಬಂತು. ದಾರಿಯಲ್ಲಿ ಎದುರಾದ ಪ್ರತಿ ಉಬ್ಬಿಗೂ, ಪ್ರತಿ ಗುಂಡಿಗೂ ಅವಳ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು.

ತೊಡೆಯ ಮೇಲೆ ಒಂದು ಥರ್ಮೊಕೋಲ್ ಪೆಟ್ಟಿಗೆ. ಅದರೊಳಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಗಾಜಿನ ಪುಟ್ಟ ಬಟ್ಟಲು, ಬಟ್ಟಲಲ್ಲಿ ಒಂದು ದಪ್ಪ ಹನಿ, ಆ ಹನಿಯೊಳಗೆ ಸಾಸಿವೆ ಕಾಳಿನಷ್ಟು ದೊಡ್ಡ ಹರಳು.

"ಲೇ, ಊರಿನ ಅರ್ಧ ಜನಕ್ಕೆ ಬ್ರೇಕ್ ಹಾಕೋದು ಕಲಿಸಿದ್ದೀನಿ. ನಿನ್ನಂಥ ಶಿಷ್ಯೆ ಮಾತ್ರ ಸಿಕ್ಕಿರಲಿಲ್ಲ" ಎಂದ ಗಂಡ. "ಹಿಂದೆ ಲಾರಿ ಬರ್ತಾ ಇದೆ. ಇನ್ನೊಂದು ಸಲ ಹಿಂಗೆ ಒತ್ತಿದರೆ ನೀನು, ನಾನು, ನಿನ್ನ ಹರಳು ಮೂವರೂ ಅವನ ಬಾನೆಟ್ ಮೇಲೆ."

"ರೀ, ನೀವು ಮುಂದೆ ನೋಡಿ."

"ಮುಂದೆ ನೋಡ್ತಿದ್ದೀನಿ. ಹಿಂದಿನವನು ನನ್ನ ಅಪ್ಪನನ್ನೂ ಅಜ್ಜನನ್ನೂ ನೆನೆಸ್ಕೊಳ್ತಾ ಇರೋದು ಕನ್ನಡೀಲಿ ಕಾಣ್ತಿದೆ."

ಅವಳು ನಗಲಿಲ್ಲ. ಹರಳು ಬಟ್ಟಲಿನ ಗೋಡೆಗೆ ತಾಗಿ ಮೂಲೆ ಮುರಿದರೆ ಏನು ಗತಿ ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ಅಪಾಯ ರಸ್ತೆಯಲ್ಲಿಲ್ಲ, ತನ್ನ ತೊಡೆಯ ಮೇಲಿನ ಡಬ್ಬಿಯಲ್ಲೇ ಒದ್ದೆಯಾಗಿ ಕೂತಿದೆ ಎಂದು ಅವಳಿಗೆ ಗೊತ್ತಾಗಲು ಇನ್ನೂ ಬಹಳ ದಿನ ಇತ್ತು.

ಹರಳಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಪ್ರಯೋಗಾಲಯದಲ್ಲಿ ಯಾರೋ ತಮಾಷೆಗೆ ಇಟ್ಟದ್ದು ಉಳಿದುಕೊಂಡಿತು. ಈಗ ಗೇಟಿನ ಕಾವಲುಗಾರನೂ ಹಾಗೆಯೇ ಕರೆಯುತ್ತಾನೆ. ಪ್ರೋಟೀನಿನ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ, ಅದರೊಳಗೆ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ನಕ್ಷೆ ಬರೆಯುವುದು ಅವಳ ಕೆಲಸ. ಇಂಗಾಲ, ಸಾರಜನಕ, ಆಮ್ಲಜನಕ ಎಲ್ಲವೂ ಆ ನಕ್ಷೆಯಲ್ಲಿ ಗುಡ್ಡಗಳಂತೆ ಎದ್ದು ಕಾಣುತ್ತವೆ. ಹೈಡ್ರೋಜನ್ ಮಾತ್ರ ಕಾಣುವುದಿಲ್ಲ. ಎಕ್ಸ್‌ರೇ ಗುರುತಿಸುವುದು ಎಲೆಕ್ಟ್ರಾನುಗಳನ್ನು. ಹೈಡ್ರೋಜನ್ನಿನ ಹತ್ತಿರ ಇರುವುದೇ ಒಂದು, ಅದನ್ನೂ ಅದು ಪಕ್ಕದ ಪರಮಾಣುವಿನ ಜೊತೆ ಹಂಚಿಕೊಂಡಿರುತ್ತದೆ. ಪ್ರೋಟೀನಿನ ಪರಮಾಣುಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೈಡ್ರೋಜನ್ನೇ. ಅಂದರೆ ಮನೆಯ ಅರ್ಧ ಮಂದಿ ಫೋಟೋದಲ್ಲಿ ಬೀಳದೆ ಹೋದ ಹಾಗೆ.

ಅವಳು ವಯಸ್ಸಿನಲ್ಲಿದ್ದಾಗ ಒಂದು ಬ್ಯಾಕ್ಟೀರಿಯಾದ ಕಿಣ್ವದ ನಕ್ಷೆ ಬರೆದಿದ್ದಳು. ಒಳ್ಳೆಯ ಔಷಧವನ್ನು ಕತ್ತರಿಸಿ ಕೆಲಸಕ್ಕೆ ಬಾರದ ಹಾಗೆ ಮಾಡುವ ಕಿಣ್ವ ಅದು. ಕತ್ತರಿಸುವ ಜಾಗದಲ್ಲಿ ಚಾಚಿಕೊಂಡ ಒಂದು ತೋಳಿದೆ. ಆ ತೋಳಿನ ತುದಿಯಲ್ಲಿ ಒಂದು ಹೈಡ್ರೋಜನ್ ಇದೆಯೇ, ಇಲ್ಲವೇ? ಇದ್ದರೆ ಕಿಣ್ವ ಒಂದು ರೀತಿ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಇನ್ನೊಂದು ರೀತಿ. ಅದನ್ನು ತಡೆಯುವ ಔಷಧ ಮಾಡಬೇಕಾದವರಿಗೆ ಇದು ಗೊತ್ತಾಗಲೇಬೇಕು. ಅಕ್ಕಪಕ್ಕದ ಪರಮಾಣುಗಳ ದೂರ ಅಳೆದು, ಲೆಕ್ಕ ಹಾಕಿ, "ಇದೆ" ಎಂದು ಅವಳು ಬರೆದಳು. ಅಂದಿನಿಂದ ಅವಳಿಗೆ ನೆಮ್ಮದಿ ಇಲ್ಲ. ಒಂದು ಸಭೆಯಲ್ಲಿ ಹಿಂದಿನ ಸಾಲಿನಿಂದ ಯಾರೋ ಎದ್ದು, "ಮೇಡಂ, ನೀವು ಹಾಜರಿ ಕೂಗಿದರೆ ಅದು 'ಬಂದೆ' ಅನ್ನುತ್ತಾ?" ಎಂದು ಕೇಳಿದ. ಇಡೀ ಸಭೆ ನಕ್ಕಿತು. ಆ ನಗು ಅವಳ ಕಿವಿಯಿಂದ ಹೋಗಲೇ ಇಲ್ಲ. ಅವಳ ಪರವಾಗಿ ಬರೆದವರಿದ್ದರು, ವಿರುದ್ಧ ಬರೆದವರಿದ್ದರು. ಕಂಡವರು ಮಾತ್ರ ಯಾರೂ ಇರಲಿಲ್ಲ.

ಕಾಣಿಸಬಲ್ಲದ್ದು ಒಂದೇ, ನ್ಯೂಟ್ರಾನ್ ಕಿರಣ. ನ್ಯೂಟ್ರಾನಿಗೆ ಎಲೆಕ್ಟ್ರಾನುಗಳ ಗೊಡವೆ ಇಲ್ಲ, ಅದು ನೇರ ಪರಮಾಣುವಿನ ಬೀಜಕ್ಕೇ ಹೋಗಿ ತಾಗುತ್ತದೆ. ಅದಕ್ಕೆ ಹೈಡ್ರೋಜನ್ನೂ ಇಂಗಾಲದಷ್ಟೇ ಚೆನ್ನಾಗಿ ಗೊತ್ತಾಗುತ್ತದೆ. ಒಂದು ತೊಡಕಿದೆ. ಸಾಮಾನ್ಯ ಹೈಡ್ರೋಜನ್ ನಕ್ಷೆಯಲ್ಲಿ ಗುಡ್ಡದ ಬದಲು ಹಳ್ಳವಾಗಿ ಬೀಳುತ್ತದೆ, ಮೇಲಿಂದ ಚಿತ್ರದ ತುಂಬ ಮಂಜು ಎಬ್ಬಿಸುತ್ತದೆ. ಅದಕ್ಕೇ ಹರಳನ್ನು ಭಾರಜಲದಲ್ಲಿ ನೆನೆಹಾಕುತ್ತಾರೆ. ನೋಡಲು ನೀರಿನ ಹಾಗೇ ಇರುವ ಭಾರಜಲದ ಹೈಡ್ರೋಜನ್ ತೂಕದ ಜಾತಿಯದು. ನಿಧಾನವಾಗಿ ಹರಳಿನೊಳಗಿನ ಸಾಮಾನ್ಯ ಹೈಡ್ರೋಜನ್ ಜಾಗ ಬಿಟ್ಟು ಹೋಗಿ, ಭಾರದ್ದು ಬಂದು ಕೂರುತ್ತದೆ. ಆಗ ಮಂಜು ಇಳಿಯುತ್ತದೆ, ಹಳ್ಳಗಳಿದ್ದಲ್ಲಿ ಒಳ್ಳೆಯ ಗುಡ್ಡಗಳೇಳುತ್ತವೆ.

ಆದರೆ ನ್ಯೂಟ್ರಾನ್ ಕಿರಣ ಬಡವರ ಮನೆಯ ದೀಪದಷ್ಟು ಮಂಕು. ಎಕ್ಸ್‌ರೇಗೆ ಧೂಳಿನ ಕಣದಷ್ಟು ಹರಳು ಸಾಕು. ಇದಕ್ಕೆ ಕಣ್ಣಿಗೆ ಕಾಣುವಷ್ಟು ದೊಡ್ಡದು ಬೇಕು. ಅಷ್ಟು ದೊಡ್ಡದು ಬೆಳೆಸುವಾಗ ಮೆಟ್ಟಿಲ ಮೇಲೆ ಯಾರಾದರೂ ಧಡಧಡ ಇಳಿದರೂ ಒಂದು ಹರಳಿನ ಬದಲು ನೂರು ಪುಡಿ ಹುಟ್ಟುತ್ತವೆ. ಹರಳಮ್ಮ ತನ್ನ ಕೋಣೆಯ ಬಾಗಿಲಿಗೆ ಹಳೆಯ ಟಯರಿನ ರಬ್ಬರು ಹೊಡೆಸಿದಳು. ನೆಲ ನಡುಗಿಸುವ ಕೆಳಮಹಡಿಯ ಕಂಪ್ರೆಸರ್ ವಿಷಯಕ್ಕೆ ಅಲ್ಲಿನವರ ಜೊತೆ ಜಗಳವಾಡಿ ಮಾತು ಬಿಟ್ಟಳು. ಒಂದು ಸಲ ಹರಳು ಚೆನ್ನಾಗಿ ಬೆಳೆದು ಬಿರುಕು ಬಿಟ್ಟಿತು. ಇನ್ನೊಂದು ಸಲ ಎರಡು ಹರಳು ಒಂದಕ್ಕೊಂದು ಅಂಟಿಕೊಂಡು ಬೆಳೆದವು. ಮತ್ತೊಂದು ಸಲ ಕರೆಂಟು ಹೋಗಿ ಕೋಣೆ ಬಿಸಿಯಾಗಿ ಎಲ್ಲ ಕರಗಿತು.

ಮನೆಯಲ್ಲಿ ಅತ್ತೆ ಅವಳ ಬೆನ್ನು ಬಿಡುತ್ತಿರಲಿಲ್ಲ. ಹೊಲಿಗೆ ಮಿಷನ್ ಮುಂದೆ ಜೀವನ ಸವೆಸಿದ ಹೆಂಗಸು. ಕೆಲಸ ಅಂದರೆ ಸಂಜೆಗೆ ಒಂದು ಅಂಗಿ ಕೈಯಲ್ಲಿ ಇರಬೇಕು ಎನ್ನುವವಳು.

"ಪಕ್ಕದ ಮನೆಯವಳು ಕೇಳಿದಳು, ನಿಮ್ಮ ಸೊಸೆ ಏನು ಮಾಡ್ತಾಳೆ ಅಂತ. ನೀರಲ್ಲಿ ಸಾಸಿವೆ ಬೆಳೀತಾಳೆ ಅಂದೆ."

"ಸರಿಯಾಗೇ ಹೇಳಿದ್ದೀರಿ ಅತ್ತೆ."

"ಒಗ್ಗರಣೆಗೆ ಯಾವಾಗ ಬರುತ್ತಂತೆ ಅಂದಳು. ನಾನಿರೋ ತನಕ ಬರಲ್ಲ ಅಂದೆ."

ಕೊನೆಗೂ ಒಂದು ಬಂತು. ಮೂಲೆಗಳು ಚೂಪು, ಮುಖಗಳು ನುಣುಪು, ಒಳಗೆ ಒಂದು ಗೆರೆಯಿಲ್ಲ. ಭಾರಜಲದಲ್ಲಿ ನೆನೆಸಿ, ಅದನ್ನು ಬದಲಿಸಿ ಬದಲಿಸಿ ತಿಂಗಳುಗಟ್ಟಲೆ ಇಟ್ಟಳು. ಕಿರಣದ ಯಂತ್ರವಿರುವ ದೂರದೂರಿನ ನ್ಯೂಟ್ರಾನ್ ಹಾಲ್‌ನವರು ದಿನ ಕೊಟ್ಟರು. ಜೊತೆಗೆ ಒಂದು ಸುದ್ದಿಯನ್ನೂ ಕೊಟ್ಟರು: ಈ ಸರದಿ ಮುಗಿದ ಮೇಲೆ ಹಾಲ್ ದೊಡ್ಡ ರಿಪೇರಿಗೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಯಾವಾಗ ಎಂದು ಹೇಳಲಾಗದು. ಹರಳಮ್ಮನ ನಿವೃತ್ತಿ ಹತ್ತಿರದಲ್ಲಿತ್ತು. ಅವಳಿಗೆ ಸಿಕ್ಕುವುದು ಇದೊಂದೇ ಸರದಿ ಎಂದು ಎಲ್ಲರಿಗೂ ಗೊತ್ತಿತ್ತು.

ಹಾಲ್ ತಲುಪಿದಾಗ ಅಲ್ಲಿ ಯಂತ್ರ ನಿಂತಿತ್ತು. ಯಾವುದೋ ಪಂಪು ಕೈಕೊಟ್ಟಿದೆಯಂತೆ. ಅಲ್ಲಿನ ಮೇಲ್ವಿಚಾರಕನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಾರೆ. ಕಿರಣದ ಕೋಣೆಯ ಕೀಲಿ ಅವನ ಕುತ್ತಿಗೆಯಲ್ಲಿ ತೂಗುತ್ತದೆ. ಆ ಕೀಲಿ ತಿರುಗಿಸದೆ ಕಿರಣ ಹೊರಡುವುದಿಲ್ಲ.

"ಇವತ್ತು ಆಗುತ್ತಾ ಅಣ್ಣ?"

"ಪಂಪನ್ನು ಕೇಳಿ ಮೇಡಂ. ನನ್ನ ಮಾತು ಅದು ಕೇಳಲ್ಲ."

ಅವಳು ಅತಿಥಿಗೃಹದ ಕೋಣೆಯಲ್ಲಿ ಮಂಚದ ಪಕ್ಕದ ಮೇಜಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕಾದಳು. ಫ್ಯಾನ್ ಹಾಕಿದರೆ ಮೇಜು ನಡುಗುತ್ತದೆಂದು ಸೆಕೆಯಲ್ಲೇ ಕೂತಳು. ಹೊರಗಿನ ಗಾಳಿಯ ತೇವ ಸೇರಬಾರದೆಂದು ಡಬ್ಬಿಯ ಮುಚ್ಚಳವನ್ನು ಒಂದು ಸಲವೂ ತೆಗೆಯಲಿಲ್ಲ. ಗುಡಿಸಲು ಬಂದವಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಹೀಗೆ ಒಂದು ವಾರದ ಮೇಲಾಯಿತು.

ಯಂತ್ರ ಸರಿಹೋದ ದಿನ ಡಬ್ಬಿ ತೆರೆದು, ಹರಳನ್ನು ಅದರ ಹನಿಯ ಸಮೇತ ಸಣ್ಣ ಗಾಜಿನ ಕೊಳವೆಗೆ ಎಳೆದುಕೊಂಡು, ಎರಡೂ ತುದಿಗೆ ಮೇಣ ಹಾಕಿದಳು. ಬೀಗದಣ್ಣ ಕೀಲಿ ತಿರುಗಿಸಿದ. ಹರಳಿಗೆ ತಾಗಿ ಚದುರಿದ ಕಿರಣ ಮೂಡಿಸಿದ ಚುಕ್ಕೆಗಳ ಮೊದಲ ಚಿತ್ರಗಳು ಪರದೆಯ ಮೇಲೆ ಬಂದಾಗ ಅವನು ಕನ್ನಡಕ ಮೇಲಕ್ಕೇರಿಸಿದ.

"ಚುಕ್ಕೆ ಚೆನ್ನಾಗಿವೆ. ಮಂಜು ಸ್ವಲ್ಪ ಜಾಸ್ತಿ ಅಲ್ವಾ ಮೇಡಂ? ಭಾರಜಲದ ಹರಳು ಅಂದಿದ್ದಿರಿ."

"ನಿಮ್ಮ ಡಿಟೆಕ್ಟರ್‌ಗೆ ವಯಸ್ಸಾಗಿದೆ ಅಣ್ಣ."

"ಅದಕ್ಕೂ ಆಗಿದೆ, ನನಗೂ ಆಗಿದೆ" ಎಂದು ಅವನು ಕನ್ನಡಕ ಕೆಳಗಿಳಿಸಿದ.

ಅವಳು ಅಲ್ಲಿಯೇ ನಿಲ್ಲಿಸಿ ಯೋಚಿಸಬೇಕಿತ್ತು. ನಿಲ್ಲಿಸಿದ್ದರೆ ಸರದಿಯ ದಿನಗಳು ಇನ್ನೂ ಕೈಯಲ್ಲಿರುತ್ತಿದ್ದವು. ಆದರೆ ಅಷ್ಟು ಕಾದು ಬಂದವಳಿಗೆ ಚುಕ್ಕೆಗಳನ್ನು ಕಂಡೇ ಹೊಟ್ಟೆ ತುಂಬಿಹೋಗಿತ್ತು.

ಊರಿಗೆ ಬಂದು ಲೆಕ್ಕ ಮುಗಿಸಿ ನಕ್ಷೆ ತೆರೆದಳು. ಆ ತೋಳನ್ನು ಅವಳು ಕಣ್ಣು ಮುಚ್ಚಿಯೂ ಹುಡುಕಬಲ್ಲಳು. ಇಂಗಾಲದ ಗುಡ್ಡ ಇತ್ತು. ಆಮ್ಲಜನಕದ ಗುಡ್ಡಗಳಿದ್ದವು. ಆ ತುದಿಯಲ್ಲಿ ಗುಡ್ಡವೂ ಇರಲಿಲ್ಲ, ಹಳ್ಳವೂ ಇರಲಿಲ್ಲ. ಬಟಾಬಯಲು.

ವಿಭಾಗದ ಮುಖ್ಯಸ್ಥ ಅವಳಿಗಿಂತ ಬಹಳ ಚಿಕ್ಕವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಪಕ್ಕದ ಮೇಜಿನಲ್ಲೇ ಕೂತಿದ್ದವನು. ಕೆಟ್ಟವನಲ್ಲ, ಅವಸರದವನು. ಅವನು ಪರದೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದ.

"ಖಾಲಿ ಮೇಡಂ."

"ಕಾಣ್ತಿದೆ."

"ಬೇಜಾರು ಮಾಡ್ಕೋಬೇಡಿ. ಇದು ಒಳ್ಳೇ ಫಲಿತಾಂಶ. 'ಇಲ್ಲ' ಅನ್ನೋದೂ ಉತ್ತರವೇ ತಾನೆ? ನೀವೇ ಬರೀರಿ, ಮೊದಲ ಹೆಸರು ನಿಮ್ಮದೇ ಇರಲಿ. ಅಂದು ನಾನು ಹೇಳಿದ್ದು ತಪ್ಪು, ಇಂದು ನಾನೇ ತೋರಿಸ್ತಿದ್ದೀನಿ ಅಂತ ನೀವಂದರೆ ಜನ ಎದ್ದು ನಿಂತು ಚಪ್ಪಾಳೆ ತಟ್ತಾರೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಹರಳಮ್ಮ ಕೆಲವು ದಿನ ಸಿಟ್ಟಿನಲ್ಲೇ ಇದ್ದಳು. ಅನ್ನ ಬಡಿಸುವಾಗ ಸೌಟು ಪಾತ್ರೆಗೆ ಬಡಿಯುವ ಸದ್ದು ಕೇಳಿ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ಕೋಪ ಇಳಿಯಿತು. ಸೋತದ್ದಾಯಿತು, ಸೋಲನ್ನಾದರೂ ನೆಟ್ಟಗೆ ಬರೆಯೋಣ ಎಂದು ಕೂತಳು. ಮೊದಲ ಪುಟ ಬರೆದಾಗ ವಿಚಿತ್ರವಾದ ಹಗುರವೂ ಆಯಿತು. ಹೈಡ್ರೋಜನ್ ಇಲ್ಲವಂತೆ, ಸರಿ. ಗೊತ್ತಾಯಿತಲ್ಲ, ಅಷ್ಟು ಸಾಕು.

ಸ್ಪಂಜು ಸಿಕ್ಕಿದ್ದು ಆಗ.

ಪ್ರಯಾಣದ ಸಾಮಾನು ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಡಬ್ಬಿಯನ್ನು ತೊಳೆದಿಡೋಣವೆಂದು ತೆರೆದಳು. ತಳದಲ್ಲಿ, ಒಂದು ಬದಿಗೆ ಒತ್ತಿಕೊಂಡು, ಹೆಬ್ಬೆಟ್ಟಿನಷ್ಟು ಹಳದಿ ಸ್ಪಂಜಿನ ತುಂಡು. ಪಾತ್ರೆ ತಿಕ್ಕುವ ಸ್ಪಂಜಿನಿಂದ ಕತ್ತರಿಸಿದ್ದು. ಮುಟ್ಟಿದಳು. ಇನ್ನೂ ತೇವ ಇತ್ತು.

ಪ್ರೋಟೀನಿನ ಹರಳಿನೊಳಗೆ ಅರ್ಧದಷ್ಟು ನೀರೇ ಇರುತ್ತದೆ, ಒಣಗಿದರೆ ಕೆಟ್ಟಿತು. ಅದಕ್ಕೇ ಎಕ್ಸ್‌ರೇ ಕೆಲಸದವರು ಹರಳನ್ನು ಎಲ್ಲಿಗೆ ಒಯ್ದರೂ ಡಬ್ಬಿಯಲ್ಲಿ ಒಂದು ಒದ್ದೆ ಸ್ಪಂಜಿನ ತುಂಡು ಇಡುತ್ತಾರೆ. ಕೆಲಸ ಕಲಿತ ಮೊದಲ ದಿನದಿಂದ ಹರಳಮ್ಮ ಅದನ್ನು ತಪ್ಪಿಸಿದವಳಲ್ಲ. ಡಬ್ಬಿ ಕೈಗೆ ಬಂದರೆ ಕೈ ತಾನಾಗಿ ಕತ್ತರಿ ಹುಡುಕುತ್ತದೆ, ನಲ್ಲಿ ತಿರುಗಿಸುತ್ತದೆ, ಹಿಂಡುತ್ತದೆ, ಮೂಲೆಗೆ ತುರುಕುತ್ತದೆ. ಹೊರಟ ದಿನವೂ ಹಾಗೇ ಮಾಡಿದ್ದಳು. ಹಾಲ್‌ನಲ್ಲಿ ಡಬ್ಬಿ ತೆರೆದಾಗ ಸ್ಪಂಜು ಕಣ್ಣೆದುರಿಗೇ ಇತ್ತು. ಯಾವಾಗಲೂ ಇರುವ ವಸ್ತು, ಇರುವ ಜಾಗದಲ್ಲೇ ಇತ್ತು. ಅದನ್ನು ನೋಡಿದ್ದೇ ಅವಳಿಗೆ ನೆನಪಿಲ್ಲ.

ನಲ್ಲಿ ನೀರು. ಮುಚ್ಚಿದ ಡಬ್ಬಿ. ವಾರಕ್ಕೂ ಹೆಚ್ಚು ಕಾಲ. ಸ್ಪಂಜಿನ ನೀರು ಆವಿಯಾಗಿ ಹನಿಗೆ ಇಳಿದಿದೆ, ಹನಿಯ ಭಾರಜಲ ಆವಿಯಾಗಿ ಸ್ಪಂಜಿಗೆ ಹೋಗಿದೆ. ತಿಂಗಳುಗಟ್ಟಲೆ ಒಳಗೆ ಕೂರಿಸಿದ ಭಾರದ ಹೈಡ್ರೋಜನ್ನುಗಳಲ್ಲಿ ಬಹುಪಾಲು ಎದ್ದುಹೋಗಿ ಸಾಮಾನ್ಯದ್ದು ಬಂದು ಕೂತಿದೆ. ಬೀಗದಣ್ಣ ಕಂಡ ಮಂಜು ಡಿಟೆಕ್ಟರಿನದಲ್ಲ.

ಅವಳು ಕೂತಲ್ಲೇ ಲೆಕ್ಕ ಹಾಕಿದಳು. ಭಾರದ್ದು ಒಂದು ಪಾಲು, ಸಾಮಾನ್ಯದ್ದು ಸುಮಾರು ಎರಡು ಪಾಲು ಬೆರೆತರೆ, ಒಂದರ ಗುಡ್ಡದ ಮಣ್ಣು ಇನ್ನೊಂದರ ಹಳ್ಳಕ್ಕೆ ಸರಿಹೋಗುತ್ತದೆ. ನೆಲ ಮಟ್ಟಸ. ಹೈಡ್ರೋಜನ್ ಇದ್ದರೂ ಬಯಲು, ಇಲ್ಲದಿದ್ದರೂ ಬಯಲು.

ಪರೀಕ್ಷಿಸುವ ದಾರಿ ಇತ್ತು. ಪ್ರೋಟೀನಿನ ಸರಪಳಿಯಲ್ಲಿ ಹೆಚ್ಚುಕಡಿಮೆ ಪ್ರತಿ ಕೊಂಡಿಗೂ ಒಂದು ಹೈಡ್ರೋಜನ್ ಇರಲೇಬೇಕು. ಆ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ನೀರಿಗೆ ಮುಖ ಕೊಟ್ಟ ಕೊಂಡಿಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಬಯಲು. ಮುಂದಿನದು, ಬಯಲು. ಅದರ ಮುಂದಿನದೂ ಬಯಲು. ನೋಡುತ್ತ ನೋಡುತ್ತ ಅವಳಿಗೆ ನೋಡದೆ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಸೋಲನ್ನು ಒಪ್ಪಿಕೊಳ್ಳಲು ಎಷ್ಟು ಕಷ್ಟಪಟ್ಟಿದ್ದಳು! ಈಗ ಆ ಸೋಲೂ ಕೈಯಲ್ಲಿ ಉಳಿಯಲಿಲ್ಲ.

ಬರೆದ ಪುಟ ಮೇಜಿನ ಮೇಲಿತ್ತು. ಸ್ಪಂಜಿನ ವಿಷಯ ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅವಳು ಆ ಸ್ಪಂಜಿನ ತುಂಡನ್ನು ಕಸದ ಬುಟ್ಟಿಗೆ ಹಾಕಿ ಬುಟ್ಟಿಯನ್ನೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಬೈದುಕೊಂಡು, ಬಗ್ಗಿ, ಅದನ್ನು ಮತ್ತೆ ಹೊರಗೆ ತೆಗೆದಳು.

ಮಾರನೆಯ ದಿನ ವಿಭಾಗದ ಸಭೆಯಲ್ಲಿ ಟೀ ಲೋಟಗಳ ನಡುವೆ ಸ್ಪಂಜಿನ ತುಂಡನ್ನಿಟ್ಟಳು.

"ಇದೇನು ಮೇಡಂ?" ಎಂದ ಮುಖ್ಯಸ್ಥ.

"ಹರಳಿನ ಡಬ್ಬಿಯಲ್ಲಿತ್ತು. ನಾನೇ ಇಟ್ಟಿದ್ದೆ."

"ಭಾರಜಲದಲ್ಲಿ ನೆನೆಸಿದ್ದು ತಾನೆ?"

"ನಲ್ಲಿ ನೀರಲ್ಲಿ."

ಒಬ್ಬರು ಟೀ ಲೋಟ ಕೆಳಗಿಟ್ಟರು. ಮುಖ್ಯಸ್ಥನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವನೂ ಅದೇ ಕಸುಬಿನವನು. ಅವನ ಮುಖ ಸಪ್ಪಗಾಯಿತು.

"ಆದರೂ... ಆ ತುದೀಲಿ ನಿಜವಾಗಲೂ ಏನೂ ಇಲ್ಲದೇ ಇರಬಹುದಲ್ವಾ?"

"ಇರಬಹುದು."

"ಮತ್ತೆ?"

"ಇದ್ದೂ ಇರಬಹುದು. ಸರಪಳೀಲಿ ಇರಲೇಬೇಕಾದವೂ ಕಾಣ್ತಿಲ್ಲ. ಅವು ಇಲ್ಲ ಅಂತ ಬರೀತೀರಾ?"

ಅವನು ದನಿ ತಗ್ಗಿಸಿದ. "ಈ ಸ್ಪಂಜಿನ ವಿಷಯ ನಿಮಗೊಬ್ಬರಿಗೇ ಗೊತ್ತಿತ್ತು ಅಲ್ವಾ?"

"ಹೌದು. ಈಗ ನಿಮಗೂ ಗೊತ್ತು."

ಯಾರೋ ತಡೆಯಲಾರದೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಹಳೆಯ ಸಭೆಯಲ್ಲಿ ನಕ್ಕ ಹಾಗೆಯೇ. ಬಾಗಿಲಿಗೆ ಟಯರ್ ಹೊಡೆಸಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಡಿಸಿ, ಕೆಮ್ಮಿದವರನ್ನೆಲ್ಲ ಗದರಿಸಿದ ಹೆಂಗಸು! ಎರಡೇ ದಿನಕ್ಕೆ ಹರಳಮ್ಮ ಸ್ಪಂಜಮ್ಮ ಆದಳು. ಕೆಳಮಹಡಿಯ ಕಂಪ್ರೆಸರಿನವರು ಮಾತ್ರ ಬಹಳ ಕಾಲದ ಮೇಲೆ ಎದುರಿಗೆ ಸಿಕ್ಕಾಗ ಅವಳನ್ನು ನೋಡಿ ತಲೆಯಾಡಿಸಿದರು. ಅದು ಅನುಕಂಪವೋ ಸಂತೋಷವೋ ಅವಳಿಗೆ ತಿಳಿಯಲಿಲ್ಲ.

ಅವಳೇ ಬೀಗದಣ್ಣನಿಗೆ ಫೋನ್ ಮಾಡಿದಳು.

"ಮಂಜಿನ ಬಗ್ಗೆ ನೀವು ಹೇಳಿದ್ದು ಸರಿ ಅಣ್ಣ. ಡಿಟೆಕ್ಟರ್‌ಗೆ ಏನೂ ಆಗಿಲ್ಲ."

ಅವನು ಕಥೆಯೆಲ್ಲ ಕೇಳಿದ. ನಗಲಿಲ್ಲ. "ಇಲ್ಲಿ ಎಲ್ಲ ಬಿಚ್ಚಿ ಹಾಕಿದ್ದಾರೆ ಮೇಡಂ. ನನ್ನ ಕೀಲಿಯನ್ನೂ ಇಸ್ಕೊಂಡರು, ಕುತ್ತಿಗೆ ಖಾಲಿ ಖಾಲಿ ಅನಿಸ್ತಿದೆ. ಹರಳು ಹೇಗಿದೆ?"

"ಅದಕ್ಕೇನು ಧಾಡಿ, ಚೆನ್ನಾಗಿದೆ."

ಅದು ನಿಜ. ಎಕ್ಸ್‌ರೇಗೆ ಒಡ್ಡಿದ ಹರಳು ಸುಟ್ಟುಹೋಗುತ್ತದೆ. ನ್ಯೂಟ್ರಾನ್ ಹಾಯ್ದ ಹರಳಿಗೆ ಏನೂ ಆಗುವುದಿಲ್ಲ. ಸೂಕ್ಷ್ಮದರ್ಶಕದಡಿ ಅದೇ ಚೂಪು ಮೂಲೆಗಳು, ಅದೇ ನುಣುಪು. ಅವಳ ಕಾಲು ನೋವು, ಸಭೆಯ ನಗು, ಬರೆದು ದಂಡವಾದ ಪುಟ, ಯಾವುದರ ಗುರುತೂ ಅದರ ಮೇಲಿರಲಿಲ್ಲ. ಅದನ್ನು ನೋಡಿದರೇ ಅವಳಿಗೆ ಸಿಟ್ಟು ಬರುತ್ತಿತ್ತು. ಆದರೂ ಹೊಸ ಭಾರಜಲ ಹಾಕಿ, ಹರಳನ್ನು ಹೊಸ ಬಟ್ಟಲಿಗೆ ಇಳಿಸಿದಳು. ಹಾಲ್ ಮತ್ತೆ ತೆರೆಯುವ ಹೊತ್ತಿಗೆ ಅವಳು ಈ ಕೋಣೆಯಲ್ಲಿರುವುದಿಲ್ಲ. ಇರುವವರು ಯಾರೋ ಒಯ್ಯಬೇಕು, ಅವರು ನೋಡಬೇಕು. ಕೋಣೆಯಲ್ಲಿದ್ದ ಸ್ಪಂಜುಗಳನ್ನೆಲ್ಲ ಹುಡುಕಿ ಒಂದು ಚೀಲಕ್ಕೆ ತುಂಬಿದಳು.

ಸಂಜೆ ಗಂಡ ಕರೆದೊಯ್ಯಲು ಬಂದಾಗ ಚೀಲ ಅವನ ಕೈಗೆ ಕೊಟ್ಟಳು.

"ಕಾರು ತೊಳೆಯೋಕೆ ಆಗುತ್ತೆ. ಇಟ್ಕೊಳ್ಳಿ."

ಅವನು ಒಂದನ್ನು ತೆಗೆದು ಕಾರಿನ ಮುಂದಿನ ಕೆಂಪು ಎಲ್ ಬೋರ್ಡಿನ ಧೂಳು ಒರೆಸಿದ. "ಚೆನ್ನಾಗಿ ಒರೆಸುತ್ತೆ ಕಣೇ" ಎಂದ. ಅವಳ ಮುಖ ನೋಡಿ ಚೀಲವನ್ನು ಹಿಂದಿನ ಸೀಟಿಗೆ ಹಾಕಿದ.

ಕಲಿಸುವವನ ಸೀಟಿನಲ್ಲಿ ಕೂತಳು. ತೊಡೆಯ ಮೇಲೆ ಪೆಟ್ಟಿಗೆ ಇರಲಿಲ್ಲ. ಬೀದಿಯ ತಿರುವಿನಲ್ಲಿ ಉಬ್ಬು ಬಂತು. ಗಂಡ ಇನ್ನೂ ಗೇರ್ ಬದಲಿಸುತ್ತಿರುವಾಗಲೇ ಕಾರು ಗಕ್ಕನೆ ನಿಂತಿತು. ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆದು, ಏನೋ ಬೈದು, ಪಕ್ಕದಿಂದ ದಾಟಿ ಹೋದ.

"ಈಗ ಯಾವ ಹರಳಿಗೆ ಒತ್ತಿದೆ?" ಎಂದ ಗಂಡ.

"ನಾನೆಲ್ಲಿ ಒತ್ತಿದೆ" ಎಂದಳು ಅವಳು. "ಕೈಗೂ ಬುದ್ಧಿ ಇಲ್ಲ, ಈ ಕಾಲಿಗೂ ಇಲ್ಲ. ನಡೀರಿ."